ಬಟ್ಟೆ ಮೇಲೆ ಕೂದಲು ಬಿದ್ದಿದೆ ಅನ್ಕೊಂಡೆ, ನೋಡಿದ್ರೆ ರೆಟಿನಾ (ಕಣ್ಣೊಳಗೆ ಹಿಂಭಾಗದಲ್ಲಿ ಬೆಳಕು ಹಿಡಿಯೋ ತೆಳು ಪದರ) ಹರಿದಿತ್ತು – ಬೆಂಗಳೂರಿನ ಈ ಕಣ್ಣಾಸ್ಪತ್ರೆಯ ರೆಟಿನಾ ವಿಭಾಗದ ಬಗ್ಗೆ (5ಕ್ಕೆ 4 ಸ್ಟಾರ್)

ನಾನು ತುಮಕೂರಿನೋಳು, ಮನೇಲೇ ಮೆಷಿನ್ ಇಟ್ಕೊಂಡು ಬ್ಲೌಸ್ ಹೊಲೀತೀನಿ, ಸೀರೆಗೆ ಫಾಲ್ಸು ಕುಚ್ಚು ಹಾಕ್ತೀನಿ. ವಯಸ್ಸು 51. ಏಳನೇ ಕ್ಲಾಸಿಂದ ಕನ್ನಡಕ, ಬಲಗಣ್ಣಿಗೆ ಮೈನಸ್ ಏಳು. ಈ ಆಸ್ಪತ್ರೆಗೆ ಮೂರು ಸಲ ಹೋಗಿ ಬಂದ್ಮೇಲೆ ಇದನ್ನ ಬರೀತಿದೀನಿ, ಉದ್ದ ಆಗುತ್ತೆ, ಆದ್ರೂ ಕಣ್ಣ ಮುಂದೆ ಚುಕ್ಕೆ, ದಾರ, ಸೊಳ್ಳೆ ಥರ ಏನಾದ್ರೂ ಹೊಸದಾಗಿ ಓಡಾಡ್ತಿರೋರು ದಯವಿಟ್ಟು ಪೂರ್ತಿ ಓದಿ.

ಶುರುವಾಗಿದ್ದು ಒಂದು ಗುರುವಾರ ಸಾಯಂಕಾಲ. ಬಿಳಿ ಲೈನಿಂಗ್ ಬಟ್ಟೆ ಕತ್ತರಿಸ್ತಾ ಇದ್ದೆ, ಬಟ್ಟೆ ಮೇಲೊಂದು ಕೂದಲು ಕಾಣಿಸ್ತು, ಕೈಯಲ್ಲಿ ಒರೆಸಿದೆ ಹೋಗ್ಲಿಲ್ಲ, ಉಫ್ ಅಂತ ಊದಿದೆ ಹೋಗ್ಲಿಲ್ಲ, ಬಟ್ಟೆ ಎತ್ತಿ ಕೊಡವಿದೆ ಆಗ್ಲೂ ಅಲ್ಲೇ ಇದೆ. ಕಣ್ಣು ಎಡಕ್ಕೆ ತಿರುಗಿಸಿದ್ರೆ ಅದೂ ಎಡಕ್ಕೆ ಬರ್ತಿತ್ತು, ಕಣ್ಣು ನಿಲ್ಲಿಸಿದ್ರೂ ಅದು ಇನ್ನೊಂಚೂರು ಮುಂದೆ ಹೋಗಿ ಆಮೇಲೆ ನಿಧಾನಕ್ಕೆ ಕೆಳಗಿಳೀತಿತ್ತು, ನೀರಲ್ಲಿ ಬಿಟ್ಟ ದಾರದ ತುಂಡಿನ ಹಾಗೆ. ಎಡಗಣ್ಣು ಮುಚ್ಚಿದಾಗ ಇತ್ತು, ಬಲಗಣ್ಣು ಮುಚ್ಚಿದಾಗ ಇಲ್ಲ. ಸರಿ ಬಲಗಣ್ಣಲ್ಲೇ ಏನೋ ಆಗಿದೆ ಅಂತ ನೀರಲ್ಲಿ ತೊಳ್ಕೊಂಡೆ. ಅವತ್ತು ರಾತ್ರಿ ಲೈಟ್ ಆರಿಸಿ ಮಲಗಿದಾಗ ಕಿವಿ ಕಡೆ ಮೂಲೇಲಿ ಪಳಕ್ ಅಂತ ಮಿಂಚು, ಬಿಲ್ಲಿನ ಥರ ಬಾಗಿರೋ ಬೆಳಕು, ಕಣ್ಣು ಮುಚ್ಚಿದ್ರೂ ಕಾಣ್ತಿತ್ತು. ಮಳೆ ಬರುತ್ತೇನೋ ಅಂತ ನಮ್ಮೆಜಮಾನ್ರನ್ನ ಎಬ್ಬಿಸಿ ಕೇಳಿದೆ, ಆಕಾಶ ಶುಭ್ರವಾಗಿದೆ ಮಲ್ಕೋ ಅಂದ್ರು.

ಶುಕ್ರವಾರ ನಮ್ಮೂರಲ್ಲೇ ಒಂದು ಕಡೆ ತೋರಿಸ್ದೆ. ಅವ್ರ ಹೆಸರು ಬರೆಯಲ್ಲ, ಯಾಕಂದ್ರೆ ಅದೇ ತಪ್ಪು ಎಷ್ಟೋ ಕಡೆ ಆಗ್ತಿರುತ್ತೆ. ಕಂಪ್ಯೂಟರ್ ಮುಂದೆ ಗದ್ದ ಇಡಿಸಿ ಪವರ್ ನೋಡಿದ್ರು, ಗೋಡೆ ಮೇಲಿನ ಅಕ್ಷರ ಓದಿಸಿದ್ರು, ಟಾರ್ಚ್ ಬಿಟ್ಟು ನೋಡಿದ್ರು, ವಯಸ್ಸಾಯ್ತಲ್ಲ ಮೇಡಂ ವೀಕ್‌ನೆಸ್ ಇದು ಅಂತ ಕಣ್ಣಿಗೆ ತಂಪಿನ ಡ್ರಾಪ್ಸು, ಒಂದು ತಿಂಗಳ ವಿಟಮಿನ್ ಮಾತ್ರೆ ಬರ್ಕೊಟ್ರು. ಮಿಂಚು ಕಾಣುತ್ತೆ ಅಂತ ನಾನಾಗೇ ಹೇಳಿದೆ, ಮೊಬೈಲ್ ಕಡಿಮೆ ನೋಡಿ ಅಂದ್ರು. ಕಣ್ಣಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕ್ಲೇ ಇಲ್ಲ. ಡ್ರಾಪ್ಸ್ ಹಾಕದೆ ರೆಟಿನಾದ ಅಂಚು ಕಾಣೋದೇ ಇಲ್ಲ ಅಂತ ನಂಗೆ ಅವತ್ತು ಗೊತ್ತಿರ್ಲಿಲ್ಲ, ಈಗ ಗೊತ್ತು, ಕೀಲಿಕಂಡಿಯಿಂದ ಇಣುಕಿ ರೂಮಿನ ನಾಲ್ಕೂ ಮೂಲೆ ನೋಡಿದೆ ಅಂದ ಹಾಗೆ ಅದು.

ಭಾನುವಾರ ಬೆಳಗ್ಗೆ ಎದ್ದಾಗ ದಾರ ಒಂದೇ ಅಲ್ಲ, ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕೆಗಳು, ಲೆಕ್ಕಕ್ಕೆ ಸಿಗದಷ್ಟು. ಬೆಂಗಳೂರಲ್ಲಿ ಓದ್ತಿರೋ ಮಗಳಿಗೆ ಫೋನ್ ಮಾಡ್ದೆ, ಅವ್ಳ ಪಿಜಿಯಲ್ಲಿರೋ ಹುಡುಗಿ ಆಪ್ಟೊಮೆಟ್ರಿ (ಕಣ್ಣು ಪರೀಕ್ಷೆ ಮಾಡೋ ಕೋರ್ಸು) ಓದ್ತಾಳಂತೆ, ಆ ಹುಡುಗಿ ಫೋನ್ ಕಿತ್ಕೊಂಡು "ಆಂಟಿ, ತಡ ಮಾಡ್ಬೇಡಿ, ರೆಟಿನಾ ಡಾಕ್ಟರ್ ಇರೋ ಕಡೆ ಬನ್ನಿ, ಮಾಮೂಲಿ ಕಣ್ಣಿನ ಕ್ಲಿನಿಕ್ ಬೇಡ" ಅಂದ್ಲು. ಭಾನುವಾರ ಇಲ್ಲಿ ಎಮರ್ಜೆನ್ಸಿ ಫೋನ್ ಯಾರೂ ಎತ್ಲಿಲ್ಲ (ಇದು ನನ್ನ ಮೊದಲ ಕಂಪ್ಲೇಂಟು), ಸೋಮವಾರ ಬೆಳಗಿನ ಟ್ರೈನಿಗೆ ಹತ್ತಿ ಯಶವಂತಪುರದಲ್ಲಿ ಇಳಿದು ಆಟೋ ಹಿಡಿದು ಬಂದ್ವಿ.

ಈಗ ಆಸ್ಪತ್ರೆ ವಿಷಯ. ರಿಸೆಪ್ಶನ್ನಲ್ಲಿ ಕೂತಿದ್ದ ಹುಡುಗಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ. ಕಣ್ಣಲ್ಲಿ ಚುಕ್ಕೆ ಅಂದ ತಕ್ಷಣ ಬರೆಯೋದು ನಿಲ್ಲಿಸಿ ತಲೆ ಎತ್ತಿ ಕೇಳಿದ್ಲು, ಯಾವತ್ತಿಂದ ಮೇಡಂ, ಮಿಂಚು ಬರುತ್ತಾ, ಒಂದು ಕಡೆಯಿಂದ ಪರದೆ ಥರ ನೆರಳು ಏನಾದ್ರೂ ಇದ್ಯಾ. ನಾಲ್ಕು ದಿನ, ಮಿಂಚು ಇದೆ, ಪರದೆ ಇಲ್ಲ ಅಂದೆ. ಫೈಲ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿ ನೇರ ರೆಟಿನಾ ಕಡೆಗೆ ಕಳಿಸಿದ್ಲು. ಊರಲ್ಲಿ ಡಾಕ್ಟರ ಹತ್ರ ನಾನಾಗೇ ಹೇಳಿದ್ರೂ ಕಿವಿಗೆ ಬೀಳದೇ ಇದ್ದದ್ದನ್ನ ಇಲ್ಲಿ ಕೌಂಟರಲ್ಲಿರೋ ಮಗು ಕೇಳಿ ತಿಳ್ಕೊಂಡ್ಲು.

ಡ್ರಾಪ್ಸ್ ಹತ್ತತ್ತು ನಿಮಿಷಕ್ಕೆ ಮೂರು ಸಲ ಹಾಕಿದ್ರು, ಚುರುಚುರು ಅನ್ನುತ್ತೆ. ಪಾಪೆ ಪೂರ್ತಿ ಹಿಗ್ಗೋಕೆ ಅರ್ಧ ಗಂಟೆ ಬೇಕು, ಹಿಗ್ಗಿದ್ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಏನೂ ಓದೋಕಾಗಲ್ಲ, ಬಿಸಿಲು ಚುಚ್ಚುತ್ತೆ, ಗಾಡಿ ಓಡಿಸ್ಲೇಬಾರ್ದು. ಕೂಲಿಂಗ್ ಗ್ಲಾಸ್ ತಗೊಂಡು ಹೋಗಿ, ಜೊತೇಲಿ ಒಬ್ರು ಇರಲಿ.

ಡಾಕ್ಟರ್ ಮೇಡಂ ಮೊದ್ಲು ಮೆಷಿನ್ ಮುಂದೆ ಕೂರಿಸಿ ನೋಡಿದ್ರು, ಆಮೇಲೆ ಮಂಚದ ಮೇಲೆ ಮಲಗಿಸಿ, ತಲೆಗೆ ಲೈಟ್ ಕಟ್ಕೊಂಡು, ಕೈಯಲ್ಲಿ ದಪ್ಪ ಗಾಜಿನ ಲೆನ್ಸ್ ಹಿಡ್ಕೊಂಡು ಮೇಲೆ ನೋಡಿ, ಕೆಳಗೆ ನೋಡಿ, ನನ್ನ ಕೈ ಕಡೆ ನೋಡಿ ಅಂತ ಎಂಟೂ ದಿಕ್ಕು ನೋಡಿಸಿದ್ರು. ಒಂದು ಸಣ್ಣ ಲೋಹದ ಕಡ್ಡಿಯಿಂದ ರೆಪ್ಪೆ ಮೇಲಿಂದ ಗುಡ್ಡೆಯನ್ನ ಒತ್ತಿ ಹಿಡಿದು ನೋಡ್ತಾರೆ, ಅಂಚಿನ ಭಾಗ ಒಳಕ್ಕೆ ಉಬ್ಬಿ ಕಾಣ್ಲಿ ಅಂತ, ಅದು ಸ್ವಲ್ಪ ನೋಯುತ್ತೆ, ಆದ್ರೆ ನನ್ನ ಹರಿದ ಜಾಗ ಸಿಕ್ಕಿದ್ದೇ ಆ ಒತ್ತಿ ನೋಡಿದಾಗ. ಆಮೇಲೆ ಒಂದು ಹಾಳೆ ಮೇಲೆ ಕಣ್ಣಿನ ಚಕ್ರ ಬರೆದು ಕೆಂಪು ನೀಲಿ ಪೆನ್ಸಿಲಲ್ಲಿ ಗುರುತು ಹಾಕಿ ತೋರಿಸಿದ್ರು, ಗಡಿಯಾರದಲ್ಲಿ ಹತ್ತು ಗಂಟೆ ಇರುತ್ತಲ್ಲ ಆ ಜಾಗದಲ್ಲಿ, ಕುದುರೆ ಲಾಳದ ಆಕಾರದ ಒಂದು ಹರಿತ, ಅಂದ್ರೆ ರೆಟಿನಾ ಹರಿದಿರೋ ಜಾಗ.

ಅವ್ರು ಹೇಳಿದ್ದನ್ನ ನಂಗೆ ಅರ್ಥ ಆದ ಹಾಗೆ ಹೇಳ್ತೀನಿ. ಕಣ್ಣಿನ ಗುಡ್ಡೆ ಒಳಗೆ ಲೋಳೆಸರದ ಲೋಳೆ ಥರ ಒಂದು ತಿಳಿಯಾದ ಜೆಲ್ ತುಂಬಿರುತ್ತೆ, ಸುಮಾರು 4 ಎಂಎಲ್, ಒಂದು ಟೀ ಚಮಚದಷ್ಟೂ ಇಲ್ಲ, ಅದ್ರಲ್ಲಿ ಹೆಚ್ಚೂ ಕಡಿಮೆ ಎಲ್ಲಾ ನೀರೇ, ಜೊತೆಗೆ ಕಣ್ಣಿಗೆ ಕಾಣದಷ್ಟು ತೆಳು ಎಳೆಗಳು. ವಯಸ್ಸಾಗ್ತಾ ಆ ಲೋಳೆ ಅಲ್ಲಲ್ಲಿ ನೀರಾಗುತ್ತೆ, ಎಳೆಗಳು ಮುದ್ದೆ ಕಟ್ಟುತ್ತೆ, ಆ ಮುದ್ದೆಗಳ ನೆರಳು ಹಿಂದಿನ ರೆಟಿನಾ ಮೇಲೆ ಬೀಳೋದನ್ನೇ ನಾವು ಚುಕ್ಕೆ, ದಾರ, ಜೇಡರಬಲೆ ಅಂತ ನೋಡೋದು. ಅಂದ್ರೆ ನಾವು ಆ ವಸ್ತು ನೋಡ್ತಿಲ್ಲ, ಅದರ ನೆರಳು ನೋಡ್ತಿದೀವಿ, ಅದಕ್ಕೇ ಬಿಳಿ ಗೋಡೆ, ನೀಲಿ ಆಕಾಶ, ಬಿಳಿ ಬಟ್ಟೆ ಮೇಲೆ ಚೆನ್ನಾಗಿ ಕಾಣುತ್ತೆ. ಇಲ್ಲೀವರೆಗೂ ಭಯ ಇಲ್ಲ. ಇದಕ್ಕೆ ಲ್ಯಾಟಿನ್ ಭಾಷೇಲಿ ಹಾರೋ ನೊಣಗಳು ಅಂತಾನೇ ಹೆಸರಂತೆ, ನಮ್ಮಜ್ಜಿ ಕಣ್ಣಲ್ಲಿ ಸೊಳ್ಳೆ ಹಾರುತ್ತೆ ಅಂತಿದ್ದದ್ದು ನೆನಪಾಯ್ತು.

50–60 ದಾಟಿದ ಮೇಲೆ ತುಂಬಾ ಜನಕ್ಕೆ ಆ ಲೋಳೆ ರೆಟಿನಾದಿಂದ ಪೂರ್ತಿ ಬಿಟ್ಕೊಂಡು ಮುಂದಕ್ಕೆ ಬರುತ್ತೆ, ಮೈನಸ್ ಪವರ್ ಜಾಸ್ತಿ ಇರೋರಿಗೆ ಇನ್ನೂ ಬೇಗ, ಪೊರೆ ಆಪರೇಷನ್ ಆದೋರಿಗೂ, ಕಣ್ಣಿಗೆ ಪೆಟ್ಟು ಬಿದ್ದೋರಿಗೂ ಬೇಗ. ಬಿಟ್ಕೊಳ್ಳೋವಾಗ ಎಲ್ಲಾದ್ರೂ ಅಂಟಿದ್ದ ಕಡೆ ಎಳೆದ್ರೆ ರೆಟಿನಾ ಅದನ್ನ ಬೆಳಕು ಅಂತ ತಿಳ್ಕೊಳ್ಳುತ್ತೆ, ನಾನು ಕಂಡ ಮಿಂಚು ಅದೇ. ಸುಮಾರು ಜನಕ್ಕೆ ಅಷ್ಟಕ್ಕೇ ಮುಗಿಯುತ್ತೆ. ಆದ್ರೆ ಹಿಂಗೆ ದಿಢೀರ್ ಅಂತ ಚುಕ್ಕೆ, ಮಿಂಚು ಶುರುವಾಗಿ ಬರೋ ನೂರು ಜನರಲ್ಲಿ ಹತ್ತು ಹದಿನೈದು ಜನಕ್ಕೆ ಎಳೆತಕ್ಕೆ ರೆಟಿನಾನೇ ಹರಿದಿರುತ್ತೆ. ಹರಿಯೋವಾಗ ಸಣ್ಣ ರಕ್ತನಾಳ ತುಂಡಾದ್ರೆ ರಕ್ತದ ಕಣ ಲೋಳೇಲಿ ಚೆಲ್ಲುತ್ತೆ, ನನ್ನ ಭಾನುವಾರದ ಸಾಸಿವೆ ಅದು. ಹರಿದ ತೂತಿನಿಂದ ನೀರು ರೆಟಿನಾ ಹಿಂದಕ್ಕೆ ಇಳಿದ್ರೆ ಗೋಡೆಗೆ ಅಂಟಿಸಿದ ಕಾಗದ ತೇವಕ್ಕೆ ಬಿಟ್ಟು ಬಂದ ಹಾಗೆ ರೆಟಿನಾ ಕಿತ್ಕೊಂಡು ಬರುತ್ತೆ. ಆಗ ಬರೋದು ಆ ಪರದೆ, ಒಂದು ಪಕ್ಕದಿಂದ ಕತ್ತಲೆ. ಅದು ಮಧ್ಯದವರೆಗೂ ಬಂದ್ರೆ ಆಪರೇಷನ್ ಆದ್ರೂ ಮೊದಲಿನ ಹಾಗೆ ನೋಟ ಬರೋದು ಕಷ್ಟ. ಇಷ್ಟೆಲ್ಲ ಆದ್ರೂ ನೋವೇ ಇರಲ್ಲ, ರೆಟಿನಾಗೆ ನೋವು ಗೊತ್ತಾಗಲ್ಲ, ಜನ ಮೋಸ ಹೋಗೋದು ಇಲ್ಲೇ.

ಲೇಸರ್ ಅವತ್ತೇ ಮಾಡಿದ್ರು. ನಂಗೆ ಹೆದರಿಕೆ ಆಗಿ ಕೈ ನಡುಗ್ತಿತ್ತು, ಮೇಡಂ ನಿಮ್ಮ ಕೆಲಸ ಏನಮ್ಮಾ ಅಂತ ಕೇಳಿ, ಹೊಲಿಗೆ ಅಂದಾಗ, "ಹಂಗಾದ್ರೆ ನಿಮಗೆ ಕಾಜಾ ಗೊತ್ತಲ್ಲ, ಬಟ್ಟೆ ಕತ್ತರಿಸಿದ ಕಡೆ ಸುತ್ತ ದಾರ ಹಾಕ್ತೀರಲ್ಲ ಇನ್ನೂ ಹರೀದೇ ಇರ್ಲಿ ಅಂತ, ಅದನ್ನೇ ನಾನು ಬೆಳಕಲ್ಲಿ ಮಾಡ್ತೀನಿ" ಅಂದ್ರು. ಮೂವತ್ತು ವರ್ಷದಲ್ಲಿ ಎಷ್ಟು ಕಾಜಾ ಹೊಲಿದಿದೀನೋ ಲೆಕ್ಕ ಇಲ್ಲ, ಆ ಒಂದು ಮಾತಿಗೆ ಭಯ ಅರ್ಧ ಇಳೀತು. ಕಣ್ಣಿಗೆ ಮರಗಟ್ಟೋ ಡ್ರಾಪ್ಸ್ ಹಾಕಿ, ಒಂದು ಲೆನ್ಸ್ ಕಣ್ಣಿಗೇ ಒತ್ತಿ ಹಿಡಿದು, ಟಪ್ ಟಪ್ ಅಂತ ಹಸಿರು ಬೆಳಕು. ಹರಿತದ ಸುತ್ತ ಮೂರು ಸಾಲು. ಕೆಲವು ಕಡೆ ಸೂಜಿ ಚುಚ್ಚಿದ ಹಾಗೆ ಆಯ್ತು, ಒಟ್ಟು ಕಾಲು ಗಂಟೆ ಇರಬಹುದು. ಮುಗಿದ ತಕ್ಷಣ ಆ ಕಣ್ಣಲ್ಲಿ ಏನೂ ಸರಿಯಾಗಿ ಕಾಣ್ಲಿಲ್ಲ, ಗಾಬರಿ ಆಗ್ಬೇಡಿ, ಸ್ವಲ್ಪ ಹೊತ್ತಿಗೆ ಸರಿ ಹೋಯ್ತು. ಬೆಳಕು ಬಿದ್ದ ಕಡೆ ಸಣ್ಣಗೆ ಸುಟ್ಟು ಗಾಯ ಆಗಿ, ಆ ಗಾಯ ಮಾಗಿ ಕಲೆ ಆದಾಗ ರೆಟಿನಾ ಗೋಡೆಗೆ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಅದಕ್ಕೆ ಹತ್ತು ಹದಿನೈದು ದಿನ ಬೇಕು. ಅಲ್ಲೀವರೆಗೂ ಭಾರ ಎತ್ಬೇಡಿ, ತಲೆ ಕುಲುಕೋ ಕೆಲಸ ಬೇಡ ಅಂದ್ರು.

ಮಗಳು ಫಿಸಿಕ್ಸ್ ಓದೋಳು, ಅವ್ಳು ಆಮೇಲೆ ಹೇಳಿದ್ದು: ನೂರು ನೂರಿಪ್ಪತ್ತು ವರ್ಷದ ಹಿಂದೆ ರೆಟಿನಾ ಕಿತ್ತು ಬಂದ್ರೆ ಕಣ್ಣು ಹೋಯ್ತು ಅಂತಲೇ ಲೆಕ್ಕವಂತೆ, ಸ್ವಿಟ್ಜರ್ಲೆಂಡಿನ ಜೂಲ್ಸ್ ಗೊನಿನ್ ಅನ್ನೋ ಡಾಕ್ಟರು ಹರಿತ ಮುಚ್ಚಿದ್ರೆ ಕಣ್ಣು ಉಳಿಯುತ್ತೆ ಅಂತ ತೋರಿಸಿದ್ದು. ಆಮೇಲೆ ಜರ್ಮನಿಯ ಮೇಯರ್ ಶ್ವಿಕೆರಾಟ್ ಅನ್ನೋರು, ಸೂರ್ಯಗ್ರಹಣ ಬರಿಗಣ್ಣಲ್ಲಿ ನೋಡಿದೋರ ರೆಟಿನಾ ಸುಟ್ಟಿರೋದನ್ನ ಕಂಡು, ಬೆಳಕಿಂದ ಸುಡಬಹುದಾದ್ರೆ ಬೆಳಕಿಂದಲೇ ಬೆಸೆಯಬಹುದಲ್ಲ ಅಂತ ಯೋಚಿಸಿದ್ರಂತೆ, ಮೊದಮೊದಲು ಸೂರ್ಯನ ಬೆಳಕನ್ನೇ ಕನ್ನಡಿಯಲ್ಲಿ ತಿರುಗಿಸಿ ಪ್ರಯತ್ನ ಮಾಡಿದ್ರಂತೆ. ಗ್ರಹಣದ ದಿನ ಹೊರಗೆ ಬರ್ಬೇಡ ಅಂತ ಬೈಸ್ಕೊಂಡು ಬೆಳೆದೋಳು ನಾನು, ಅದೇ ಗ್ರಹಣದಿಂದ ಹೊಳೆದ ಉಪಾಯ ನನ್ನ ಕಣ್ಣು ಉಳಿಸ್ತು ಅಂತ ಕೇಳಿ ಮೈ ಜುಮ್ ಅಂತು.

ಕಾಯೋವಾಗ ಪಕ್ಕದಲ್ಲಿ ಕೂತಿದ್ದ ಒಬ್ಬ ಯಜಮಾನ್ರ ಕಥೆ ಹೇಳ್ಲೇಬೇಕು. ಶಿರಾ ಕಡೆಯೋರು, ಕಡಲೆಕಾಯಿ ಬೆಳೆಯೋರು. ಅವ್ರಿಗೂ ಮೊದ್ಲು ಚುಕ್ಕೆ, ಆಮೇಲೆ ಮೂಗಿನ ಕಡೆಯಿಂದ ಯಾರೋ ನಿಧಾನಕ್ಕೆ ಬಾಗಿಲು ಹಾಕ್ಕೊಂಡು ಬಂದ ಹಾಗೆ ನೆರಳು, ಪೊರೆ ಬಂದಿದೆ, ಬಲಿಯಲಿ, ಕ್ಯಾಂಪ್ ಬಂದಾಗ ತೆಗೆಸೋಣ ಅಂತ ಇಪ್ಪತ್ತು ದಿನಕ್ಕೂ ಮೇಲೆ ಸುಮ್ನಿದ್ರಂತೆ. ಅವ್ರ ತಪ್ಪು ಅನ್ನೋಕೆ ನಂಗೆ ಬಾಯಿ ಬರಲ್ಲ. ಡಾ. ಎಂ. ಸಿ. ಮೋದಿಯವ್ರ ಕಾಲದಿಂದ ನಮ್ಮ ಹಳ್ಳಿಗಳಲ್ಲಿ ಕಣ್ಣಿನ ಕ್ಯಾಂಪ್ ಅಂದ್ರೆ ಪೊರೆ ಆಪರೇಷನ್, ಆ ಪುಣ್ಯಾತ್ಮರಿಂದ ಎಷ್ಟು ಸಾವಿರ ಜನ ಬೆಳಕು ಕಂಡ್ರು, ಅದರಿಂದ ಪೊರೆ ಅನ್ನೋ ಮಾತು ಎಲ್ಲರಿಗೂ ಗೊತ್ತು, ರೆಟಿನಾ ಅನ್ನೋದು ಯಾರಿಗೂ ಗೊತ್ತಿಲ್ಲ. ಪೊರೆ ತಿಂಗಳುಗಟ್ಲೆ ವರ್ಷಗಟ್ಲೆ ತಗೊಂಡು ಇಡೀ ನೋಟ ಮಂಜು ಮಾಡುತ್ತೆ, ಕಾಯಬಹುದು. ಇದು ದಿನಗಳಲ್ಲಿ ಪಕ್ಕದಿಂದ ಕತ್ತಲು ತರುತ್ತೆ, ಕಾಯೋಕಾಗಲ್ಲ. ಅವ್ರಿಗೆ ದೊಡ್ಡ ಆಪರೇಷನ್ನೇ ಆಗ್ಬೇಕು, ಒಳಗಿನ ಲೋಳೆ ತೆಗೆದು ಸಿಲಿಕೋನ್ ಎಣ್ಣೆ ತುಂಬ್ತಾರಂತೆ, ಅದನ್ನ ತೆಗೆಯೋಕೆ ಮುಂದೆ ಇನ್ನೊಂದು ಆಪರೇಷನ್. "ತಾಯಿ, ನೀನು ನಾಲ್ಕು ದಿನಕ್ಕೆ ಬಂದ್ಯಲ್ಲ" ಅಂತ ನನ್ನ ಕೈ ಹಿಡ್ಕೊಂಡ್ರು, ನಂಗೆ ಏನು ಹೇಳಬೇಕೋ ಗೊತ್ತಾಗ್ಲಿಲ್ಲ.

ಖರ್ಚು: ಕನ್ಸಲ್ಟೇಶನ್ 700, ಲೇಸರಿಗೆ 6500, ಡ್ರಾಪ್ಸ್ ಎಲ್ಲ ಸೇರಿ ಎಂಟು ಸಾವಿರದ ಒಳಗೆ ಆಯ್ತು. ಕಮ್ಮಿ ಏನಲ್ಲ, ಆದ್ರೆ ಬಿಲ್ ಮೊದಲೇ ಹೇಳಿದ್ರು, ಬೇರೆ ಟೆಸ್ಟು ಅದೂ ಇದೂ ಅಂತ ಸೇರಿಸ್ಲಿಲ್ಲ. ದುಡ್ಡಿಲ್ಲ ಅಂತ ಮನೇಲಿ ಕೂರ್ಬೇಡಿ, ಬೆಂಗಳೂರು ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೇಲೂ ರೆಟಿನಾ ನೋಡ್ತಾರೆ.

ಇನ್ನು ನಂಗೆ ಹಿಡಿಸದೇ ಇದ್ದದ್ದು. ಕೆಂಪು ಸ್ಟಿಕ್ಕರ್ ಇದ್ರೂ ಎರಡೂವರೆ ಗಂಟೆ ಆಯ್ತು, ಸ್ಟಿಕ್ಕರ್ ಇಲ್ದೇ ಇರೋರು ಬೆಳಗ್ಗೆ ಬಂದು ಮಧ್ಯಾಹ್ನ ಮೂರಕ್ಕೂ ಕೂತಿದ್ರು. ಟೋಕನ್ ನಂಬರ್ ಟೀವಿ ಮೇಲೆ ಸಣ್ಣ ಅಕ್ಷರದಲ್ಲಿ ಬರುತ್ತೆ, ಅಲ್ಲಿ ಕೂತಿರೋರೆಲ್ಲ ಡ್ರಾಪ್ಸ್ ಹಾಕಿಸ್ಕೊಂಡೋರು, ಕೈಯಲ್ಲಿರೋ ಚೀಟಿನೂ ಕಾಣಲ್ಲ ಟೀವಿನೂ ಕಾಣಲ್ಲ, ಒಬ್ಬ ಅಜ್ಜಿ ನಂಬರ್ ಎರಡು ಸಲ ದಾಟಿ ಹೋಯ್ತು. ಒಬ್ರು ನಿಂತು ಜೋರಾಗಿ ಹೆಸರು ಕೂಗಿದ್ರೆ ಸಾಕು. ಒಪ್ಪಿಗೆ ಫಾರಂ ಬರೀ ಇಂಗ್ಲಿಷಲ್ಲಿ ಇದೆ, ಅದನ್ನೂ ಡ್ರಾಪ್ಸ್ ಹಾಕಿದ್ಮೇಲೆ ಸೈನ್ ಮಾಡಿಸ್ತಾರೆ, ಮಗಳು ಓದಿ ಹೇಳಿದ್ದಕ್ಕೆ ಸರಿ ಹೋಯ್ತು, ಒಬ್ಬಳೇ ಬಂದಿದ್ರೆ ಏನು ಬರೆದಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಕನ್ನಡದಲ್ಲಿ ಒಂದು ಹಾಳೆ ಮಾಡಿಸಿ, ಡ್ರಾಪ್ಸಿಗೆ ಮುಂಚೆ ಕೊಡಿ. ಭಾನುವಾರದ ಫೋನ್ ವಿಷಯ ಮೇಲೇ ಬರೆದಿದೀನಿ, ಅದನ್ನ ಎಲ್ಲಕ್ಕಿಂತ ಮೊದ್ಲು ಸರಿ ಮಾಡಿ, ರೆಟಿನಾ ಭಾನುವಾರ ನೋಡ್ಕೊಂಡು ಹರಿಯಲ್ಲ. ಒಂದು ಸ್ಟಾರ್ ಕಳೆದಿರೋದು ಇವೆಲ್ಲಕ್ಕೆ.

ಡಾಕ್ಟರ್ ಮೇಡಂ ಬಗ್ಗೆ ನಂಗೆ ಗೌರವ ಜಾಸ್ತಿ ಆಗಿದ್ದು ಇನ್ನೊಂದು ಕಾರಣಕ್ಕೆ. ಲೇಸರ್ ಆದ್ಮೇಲೆ ಚುಕ್ಕೆ ಹೋಗುತ್ತಲ್ಲ ಮೇಡಂ ಅಂದೆ. ಇಲ್ಲಮ್ಮಾ, ಲೇಸರ್ ಹರಿತಕ್ಕೆ, ಚುಕ್ಕೆಗಲ್ಲ, ರಕ್ತದ ಕಣ ಕೆಲವು ವಾರದಲ್ಲಿ ಕರಗುತ್ತೆ, ದೊಡ್ಡ ದಾರ ಉಳಿಯುತ್ತೆ, ಮೆದುಳು ನಿಧಾನಕ್ಕೆ ಅದನ್ನ ಗಮನಿಸೋದು ಬಿಡುತ್ತೆ ಅಂದ್ರು. ಚುಕ್ಕೆ ಕರಗಿಸೋ ಡ್ರಾಪ್ಸು, ಮಾತ್ರೆ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ರು, ಅನಾನಸ್ ತಿಂದ್ರೆ ಹೋಗುತ್ತೆ ಅನ್ನೋ ವಿಡಿಯೋ ನಂಗೆ ಮೂರು ಜನ ಕಳಿಸಿದ್ರು, ಅದನ್ನೂ ಕೇಳಿದೆ, ಹಣ್ಣು ತಿನ್ನಿ, ಔಷಧಿ ಅಂತ ನಂಬಿ ಚೆಕಪ್ ತಪ್ಪಿಸ್ಬೇಡಿ ಅಂದ್ರು. ತೀರಾ ತೊಂದರೆ ಆದೋರಿಗೆ ಲೋಳೆ ತೆಗೆಯೋ ಆಪರೇಷನ್ ಇದೆ, ಆದ್ರೆ ಅದರಿಂದಲೇ ಪೊರೆ ಬೇಗ ಬರಬಹುದು, ರೆಟಿನಾ ಹರಿಯಬಹುದು, ನಿಮಗೆ ಬೇಡ ಅಂದ್ರು. ಬೇಕಿದ್ರೆ ನನ್ನ ಹತ್ರ ದುಡ್ಡು ಮಾಡಬಹುದಿತ್ತು.

ಮಗಳಿಗೂ ಹೈಸ್ಕೂಲಿಂದ ಎರಡು ಪಾರದರ್ಶಕ ಹುಳ ಥರ ಕಾಣ್ತಿತ್ತಂತೆ, ಅವ್ಳಿಗೂ ಡ್ರಾಪ್ಸ್ ಹಾಕಿ ನೋಡಿದ್ರು, ಏನೂ ಇಲ್ಲ. ವರ್ಷಗಳಿಂದ ಅಷ್ಟೇ ಇದೆ, ಜಾಸ್ತಿ ಆಗಿಲ್ಲ, ಮಿಂಚಿಲ್ಲ ಅಂದ್ರೆ ತಲೆ ಕೆಡಿಸ್ಕೊಳ್ಳೋದು ಬೇಡ ಅಂದ್ರು. ಎರಡೂ ಕಣ್ಣಲ್ಲಿ ಅಂಕುಡೊಂಕು ಬೆಳಕಿನ ಗೆರೆ ಬಂದು ಅರ್ಧ ಗಂಟೆಗೆ ಹೋಗಿ ತಲೆ ನೋಯೋದು ಮೈಗ್ರೇನ್ ಇರಬಹುದು, ಅದು ಬೇರೆ. ಆದ್ರೆ ಶುಗರ್ ಇರೋರಿಗೆ ದಿಢೀರ್ ಅಂತ ಕಪ್ಪು ಮೋಡ, ದಾರ ಇಳಿದ ಹಾಗೆ ಆದ್ರೆ ಒಳಗೆ ರಕ್ತ ಸೋರಿರಬಹುದು, ಚುಕ್ಕೆ ಜೊತೆ ಕಣ್ಣು ಕೆಂಪಾಗಿ ನೋವು, ಬೆಳಕು ತಡೆಯೋಕಾಗದೇ ಇದ್ರೆ ಒಳಗೆ ಉರಿಯೂತ ಇರಬಹುದು, ಇವೆರಡಕ್ಕೂ ತಡ ಮಾಡೋ ಹಾಗಿಲ್ಲ. ನಾನೀಗ ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಗೋಡೆ ನೋಡ್ತೀನಿ, ಎರಡೂ ಕಣ್ಣು ತೆರೆದಿದ್ರೆ ಒಂದರ ಕೊರತೆ ಇನ್ನೊಂದು ಮುಚ್ಚಿಬಿಡುತ್ತೆ.

ಮೊದಲ ಸಲ ಏನೂ ಸಿಗಲಿಲ್ಲ ಅಂದ್ರೂ ನಾಲ್ಕರಿಂದ ಆರು ವಾರಕ್ಕೆ ಮತ್ತೆ ಬರೋಕೆ ಹೇಳ್ತಾರೆ, ಹರಿತ ಆಮೇಲೂ ಆಗಬಹುದು, ಅದನ್ನ ತಪ್ಪಿಸ್ಬೇಡಿ. ನಂದು ಒಂದು ವಾರಕ್ಕೆ ಒಂದು, ಒಂದೂವರೆ ತಿಂಗಳಿಗೆ ಇನ್ನೊಂದು ಆಯ್ತು, ಲೇಸರ್ ಚೆನ್ನಾಗಿ ಹಿಡಿದಿದೆ ಅಂದ್ರು. ಎಡಗಣ್ಣಿನ ಅಂಚಲ್ಲಿ ರೆಟಿನಾ ತೆಳುವಾಗಿರೋ ಜಾಗ ಒಂದಿದೆಯಂತೆ, ಅದಕ್ಕೀಗ ಏನೂ ಮಾಡಲ್ಲ, ವರ್ಷಕ್ಕೊಂದ್ಸಲ ನೋಡ್ತಾರೆ. ಮುಂದಿನ ತಾರೀಕು ಕ್ಯಾಲೆಂಡರಲ್ಲಿ ಕೆಂಪು ಶಾಯೀಲಿ ಗುರುತು ಹಾಕಿದೀನಿ.

ಸಾಸಿವೆ ಎಲ್ಲ ಕರಗಿದೆ. ದಾರ ಇನ್ನೂ ಇದೆ, ಬಿಳಿ ಬಟ್ಟೆ ಹರಡಿದ್ರೆ ಬರುತ್ತೆ, ಕಣ್ಣು ಒಂದ್ಸಲ ಮೇಲೆ ಕೆಳಗೆ ಮಾಡಿದ್ರೆ ಪಕ್ಕಕ್ಕೆ ಸರಿಯುತ್ತೆ, ನಾನು ಸೂಜಿಗೆ ದಾರ ಪೋಣಿಸ್ತೀನಿ.